ಅಜ್ಜಿಯ ದಾರ, ಶಿರೋಡ್ಕರ್ ದಾರ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಆಡುಮಾತನ್ನು ಬಹುಪಾಲು ಹಾಗೇ ಉಳಿಸಿಕೊಂಡಿದ್ದೇವೆ.)

ಶುರು ಮಾಡೋಕೆ ಮುಂಚೆ ಒಂದು ಮಾತು. ಇವತ್ತಿನ ಎಪಿಸೋಡ್‌ನಲ್ಲಿ ಗರ್ಭ ಕಳೆದುಕೊಂಡವರ ಕತೆ ಇದೆ. ಈಗ ಕೇಳೋ ಮನಸ್ಸಿಲ್ಲ ಅಂದ್ರೆ ಇಲ್ಲೇ ನಿಲ್ಲಿಸಿ, ಬೇಕಾದಾಗ ಬನ್ನಿ. ಇದು ಎಲ್ಲಿಗೂ ಹೋಗಲ್ಲ.

ನಮ್ಮೂರು ಸಾದಲಿ. ಚಿಕ್ಕಬಳ್ಳಾಪುರ ಜಿಲ್ಲೆ, ಶಿಡ್ಲಘಟ್ಟ ತಾಲ್ಲೂಕು. ರೇಷ್ಮೆ ಸೀಮೆ. ಹುಳ ನಾಲ್ಕನೇ ಜ್ವರ ಎದ್ದಿತು ಅಂದ್ರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು, ಅಷ್ಟು ಹೊತ್ತಿಗೆ ಹುಳ ಖಾಲಿ ಮಾಡಿ ಕಾಯ್ತಾ ಇರುತ್ತೆ. ಎರಡು ವರ್ಷದ ಹಿಂದೆ ಅಂಥದ್ದೇ ಒಂದು ವಾರದಲ್ಲಿ ನಮ್ಮ ಅತ್ತಿಗೆಗೆ ಐದು ತಿಂಗಳಿಗೆ ಗರ್ಭ ಹೋಯ್ತು.

ಅವರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಹೆಸರು ಹೇಳಲ್ಲ.

ಅವತ್ತು ಬೆಳಗ್ಗೆ ಅವರಿಗೆ ಸೊಂಟ ಸ್ವಲ್ಪ ಹಿಡಿದ ಹಾಗಿತ್ತು, ಕೆಳಗೆ ಏನೋ ಒತ್ತಿದ ಹಾಗೆ. ನೋವು ಅನ್ನೋ ನೋವೇ ಇರಲಿಲ್ಲ. ಮಧ್ಯಾಹ್ನ ಆಸ್ಪತ್ರೆ ಸೇರೋ ಹೊತ್ತಿಗೆ ಗರ್ಭದ ಬಾಯಿ ತೆರೆದಿತ್ತು. ಸಂಜೆಗೆ ಎಲ್ಲ ಮುಗಿದಿತ್ತು. ಮೂರನೇ ದಿನ ಡಿಸ್ಚಾರ್ಜ್ ಚೀಟಿ ಕೊಟ್ಟರು. ಅದರಲ್ಲಿ ಇದ್ದದ್ದು ಒಂದೇ ಸಾಲು: ಇಷ್ಟು ವಾರಕ್ಕೆ ಗರ್ಭಪಾತ. ಮೊದಲು ನೀರು ಹೋಯ್ತಾ, ಮೊದಲು ನೋವು ಬಂತಾ, ಬಂದಾಗ ಬಾಯಿ ಎಷ್ಟು ತೆರೆದಿತ್ತು, ಇದ್ಯಾವುದೂ ಇಲ್ಲ. ಈ ಒಂದು ಸಾಲಿನ ಚೀಟಿ ನೆನಪಿಟ್ಟುಕೊಳ್ಳಿ. ಕತೆ ಕೊನೆಗೆ ಇಲ್ಲಿಗೇ ಬರುತ್ತೆ.

ಆಮೇಲೆ ಕಾರಣಗಳ ಸಂತೆ. ಸೊಪ್ಪಿನ ಹೊರೆ ಹೊತ್ತಳು ಅಂದರು. ಗಾಡಿ ಹಿಂದೆ ಕೂತು ಶಿಡ್ಲಘಟ್ಟಕ್ಕೆ ಹೋಗಿದ್ದಳು ಅಂದರು. ಪರಂಗಿ ಹಣ್ಣು ಅಂದರು, ದೃಷ್ಟಿ ಅಂದರು. ಕಾರಣ ಏನೇ ಇರಲಿ, ಎಲ್ಲದರ ಕೊನೆಯಲ್ಲಿ ಅವರೇ ತಪ್ಪಿತಸ್ಥೆ.

ಅಡುಗೆಮನೆಯಲ್ಲಿ ಕೂತಿದ್ದ ನಮ್ಮ ಅಜ್ಜಿ ಆವತ್ತು ಮೊದಲ ಸಲ ಬಾಯಿಬಿಟ್ಟರು. "ನಂದೂ ನಾಲ್ಕು ಹೋಗಿತ್ತಮ್ಮ. ಎಲ್ಲ ಐದರಲ್ಲೋ ಆರರಲ್ಲೋ. ನೋವೇ ಬರ್ತಿರಲಿಲ್ಲ. ನೀರು ಹೋಗೋದು, ಅಷ್ಟೇ."

ನಾವ್ಯಾರೂ ಇದನ್ನ ಕೇಳಿರಲಿಲ್ಲ. ನಮ್ಮಪ್ಪನಿಗೇ ಗೊತ್ತಿರಲಿಲ್ಲ. ಐದನೇ ಸಲ ಅವರ ತಾಯಿ ಹರಕೆ ಹೊತ್ತು ಸೊಂಟಕ್ಕೆ ಒಂದು ದಾರ ಕಟ್ಟಿದರಂತೆ. ಆ ಸಲ ಗರ್ಭ ನಿಂತಿತು. 1964ರಲ್ಲಿ ನಮ್ಮಪ್ಪ ಹುಟ್ಟಿದ್ದು ಹಾಗೆ. ಆ ದಾರದಿಂದಲೇ ನಿಂತಿದ್ದು ಅಂತ ಅಜ್ಜಿ ಇವತ್ತಿಗೂ ನಂಬಿದ್ದಾರೆ.

ಅತ್ತಿಗೆ ಮತ್ತೆ ಬಸುರಿಯಾದಾಗ ಡಾಕ್ಟರು ಇನ್ನೊಂದು ದಾರದ ಮಾತು ಎತ್ತಿದರು. "ಗರ್ಭದ ಬಾಯಿಗೆ ಹೊಲಿಗೆ ಹಾಕಬಹುದು. ಇಲ್ಲಾಂದ್ರೆ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿ ಕಾದು ನೋಡಬಹುದು. ಯೋಚನೆ ಮಾಡಿ ಬನ್ನಿ." ಮನೆಯಲ್ಲಿ ಯಾರಿಗೂ ಯೋಚನೆ ಮಾಡೋಕೆ ಬೇಕಾದ ಸಾಮಗ್ರಿ ಇರಲಿಲ್ಲ. ಅದಕ್ಕೇ ನಾನು ಈ ಹೊಲಿಗೆಯ ಚರಿತ್ರೆ ಹುಡುಕಿಕೊಂಡು ಹೋದೆ. ಸಿಕ್ಕಿದ್ದನ್ನ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಸಂಚಿಯ ಬಾಯಿ

ಮೊದಲು ಇದೇನು ಅಂತ ಅರ್ಥ ಮಾಡ್ಕೊಳ್ಳೋಣ. ಗರ್ಭಕೋಶವನ್ನ ತಲೆಕೆಳಗಾದ ಒಂದು ಸಂಚಿ ಅಂದ್ಕೊಳ್ಳಿ. ಅದರ ಕೆಳಗಿನ ಬಾಯಿಯೇ ಗರ್ಭಕಂಠ. ಬಸಿರು ನಿಂತ ಮೇಲೆ ಒಂಬತ್ತು ತಿಂಗಳು ಅದು ಉದ್ದಕ್ಕೆ, ಗಟ್ಟಿಯಾಗಿ, ಮುಚ್ಚಿಕೊಂಡಿರಬೇಕು. ಹೆರಿಗೆ ಹೊತ್ತಿಗೆ ಮೆತ್ತಗಾಗಿ, ಗಿಡ್ಡವಾಗಿ, ತೆರೆಯಬೇಕು. ಕೆಲವರಲ್ಲಿ ಈ ಕೆಲಸ ನಾಲ್ಕನೇ ತಿಂಗಳಿಗೋ ಐದನೇ ತಿಂಗಳಿಗೋ ಶುರುವಾಗಿಬಿಡುತ್ತೆ. ಜೋರು ನೋವಿಲ್ಲ, ರಕ್ತವೂ ಹೆಚ್ಚಿಲ್ಲ. ಮಗು ಚೆನ್ನಾಗೇ ಇರುತ್ತೆ. ಬಾಯಿ ಮಾತ್ರ ಸಡಿಲ.

ಹಿಂದೆ ಗರ್ಭಕಂಠಕ್ಕೆ ಆಪರೇಷನ್ ಆಗಿದ್ದರೆ, ಹಿಂದಿನ ಹೆರಿಗೆಯಲ್ಲಿ ಅದು ಹರಿದಿದ್ದರೆ, ಹುಟ್ಟಿನಿಂದಲೇ ಗರ್ಭಕೋಶದ ಆಕಾರ ಬೇರೆ ಇದ್ದರೆ ಹೀಗಾಗೋ ಸಂಭವ ಹೆಚ್ಚು. ಬಹಳಷ್ಟು ಜನರಲ್ಲಿ ಇಂಥ ಕಾರಣ ಯಾವುದೂ ಕಾಣಲ್ಲ. ಹೊರೆ ಹೊತ್ತದ್ದರಿಂದ, ಪರಂಗಿ ತಿಂದದ್ದರಿಂದ ಗರ್ಭಕಂಠ ಸಡಿಲವಾಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ.

ಆದ್ರೆ ತಪ್ಪನ್ನ ಹೆಣ್ಣಿನ ಮೇಲೆ ಹಾಕೋದು ನಮ್ಮೂರಿನವರದ್ದೇ ಸ್ವತ್ತಲ್ಲ. 1658ರಲ್ಲಿ ಲಂಡನ್‌ನಲ್ಲಿ ಅಚ್ಚಾದ ಒಂದು ವೈದ್ಯ ಪುಸ್ತಕ ಗರ್ಭದ ಬಾಯಿ ಸಡಿಲವಾಗಿ ಬಸಿರು ನಿಲ್ಲದಿರೋದನ್ನ ಹೆಂಗಸಿನಲ್ಲಿರುವ 'ದೋಷ'ಗಳ ಪಟ್ಟಿಯಲ್ಲಿ ಸೇರಿಸಿತ್ತು. 1865ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದಕ್ಕೆ 'ಇನ್‌ಕಾಂಪಿಟೆನ್ಸ್' ಅನ್ನೋ ಹೆಸರು ಕಾಣಿಸಿತು. ಕನ್ನಡದಲ್ಲಿ ಹೇಳೋದಾದ್ರೆ ಅಸಮರ್ಥತೆ. ನೂರು ವರ್ಷಕ್ಕೂ ಹೆಚ್ಚು ಕಾಲ ಡಾಕ್ಟರುಗಳ ಫೈಲಿನಲ್ಲಿ 'ಅಸಮರ್ಥ ಗರ್ಭಕಂಠ' ಅಂತಲೇ ಬರೆದರು. ಈಗ 'ಇನ್‌ಸಫಿಷಿಯೆನ್ಸಿ' ಅಂತಾರೆ, ಅಂದ್ರೆ ಸಾಕಾಗದಿರೋದು. ಸ್ವಲ್ಪ ವಾಸಿ.

ಹುಬ್ಬಳ್ಳಿಯಲ್ಲಿ ಓದಿದ ಹುಡುಗ

ಈ ಹೊಲಿಗೆಗೆ ಪ್ರಪಂಚದ ಎಲ್ಲಾ ಆಸ್ಪತ್ರೆಗಳಲ್ಲೂ ಒಂದು ಹೆಸರಿದೆ. ಲಂಡನ್‌ನಲ್ಲೂ ನ್ಯೂಯಾರ್ಕ್‌ನಲ್ಲೂ 'ಶಿರೋಡ್ಕರ್ ಹೊಲಿಗೆ' ಅಂದ್ರೆ ಗೊತ್ತು. ನಮ್ಮಲ್ಲಿ ಆ ಹೆಸರು ಎಷ್ಟು ಜನಕ್ಕೆ ಗೊತ್ತು?

ವಿಠ್ಠಲ ನಾಗೇಶ ಶಿರೋಡ್ಕರ್ ಹುಟ್ಟಿದ್ದು 1899ರಲ್ಲಿ, ಗೋವಾದ ಶಿರೋಡಾ ಅನ್ನೋ ಹಳ್ಳಿಯಲ್ಲಿ. ಊರಿನ ಹೆಸರೇ ಮನೆತನದ ಹೆಸರು. ಶಾಲೆ ಓದಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಆಗ ಹುಬ್ಬಳ್ಳಿ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತ್ತು. ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಬಂದದ್ದು 1957ರಲ್ಲಿ. ಹಾಗಾಗಿ ಡಾಕ್ಟರಾಗೋಕೆ ಹುಡುಗ ಬಾಂಬೆಗೇ ಹೋಗಬೇಕಿತ್ತು. ಅಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಓದಿ 1923ರಲ್ಲಿ ಎಂಬಿಬಿಎಸ್ ಮುಗಿಸಿದರು. 1931ರಲ್ಲಿ ಇಂಗ್ಲೆಂಡ್‌ನಲ್ಲಿ ಎಫ್‌ಆರ್‌ಸಿಎಸ್ ಪಡೆದು ಬಂದರು. ಮುಂದೆ ತಾವು ಓದಿದ ಕಾಲೇಜಿನಲ್ಲೇ ಪ್ರೊಫೆಸರ್ ಆದರು.

ಅವರ ಹತ್ತಿರ ಬರ್ತಿದ್ದ ಹೆಂಗಸರಲ್ಲಿ ಒಂದು ಗುಂಪು ಅವರನ್ನ ಕಾಡಿತು. ಪದೇ ಪದೇ ನಾಲ್ಕನೇ ತಿಂಗಳಿಂದ ಏಳನೇ ತಿಂಗಳ ಒಳಗೆ ಗರ್ಭ ಕಳೆದುಕೊಳ್ಳೋರು. ಎಷ್ಟು ಮಲಗಿಸಿದರೂ, ಎಷ್ಟು ಹಾರ್ಮೋನ್ ಕೊಟ್ಟರೂ ಪ್ರಯೋಜನ ಇಲ್ಲ. ಹಾಗಾದ್ರೆ ತೊಂದರೆ ಗರ್ಭದಲ್ಲಿಲ್ಲ, ಬಾಯಿಯಲ್ಲಿದೆ ಅನ್ನೋದು ಅವರ ಊಹೆ. ಸ್ಕ್ಯಾನ್ ಇಲ್ಲದ ಕಾಲ. ಬೆರಳಿನಿಂದ ಪದೇ ಪದೇ ಪರೀಕ್ಷೆ ಮಾಡಿ ಬಾಯಿ ಸಡಿಲವಾಗೋದನ್ನ ಗುರುತಿಸ್ತಿದ್ದರು. ಅದಕ್ಕೂ ಮುಂಚೆ ಹೆಂಗಸಿನ ಕತೆ ಕೇಳಬೇಕಿತ್ತು. ಎಷ್ಟು ಸಲ ಹೋಯ್ತು? ಯಾವ ತಿಂಗಳು? ಹೇಗೆ ಶುರುವಾಯ್ತು?

ಅವರ ಉಪಾಯ ಹೀಗಿತ್ತು. ಹೆಂಗಸಿನ ತೊಡೆಯ ಹೊರಭಾಗದಲ್ಲಿ ಸ್ನಾಯುವಿನ ಮೇಲೆ ಹೊದಿಕೆಯ ಹಾಗಿರೋ ಗಟ್ಟಿ ಪದರದಿಂದ ಒಂದು ಪಟ್ಟಿ ತೆಗೆಯೋದು. ಗರ್ಭಕಂಠದ ಮೇಲಿನ ತೆಳು ಚರ್ಮ ಬಿಡಿಸಿ, ಮೂತ್ರಕೋಶವನ್ನ ಸ್ವಲ್ಪ ಮೇಲಕ್ಕೆ ಸರಿಸಿ, ಒಳಬಾಯಿಯ ಮಟ್ಟದಲ್ಲಿ ಆ ಪಟ್ಟಿಯನ್ನ ಸುತ್ತ ಹಾಯಿಸಿ ಕಟ್ಟೋದು. ಅವಳದ್ದೇ ಮೈಯ ದಾರದಿಂದ ಅವಳದ್ದೇ ಸಂಚಿಗೆ ಗಂಟು.

1955ರಲ್ಲಿ ಇದರ ಬಗ್ಗೆ ಅವರು ಬರೆದ ಲೇಖನ ಮದ್ರಾಸಿನಿಂದ ಬರ್ತಿದ್ದ 'ಆಂಟಿಸೆಪ್ಟಿಕ್' ಅನ್ನೋ ವೈದ್ಯಪತ್ರಿಕೆಯಲ್ಲಿ ಅಚ್ಚಾಯ್ತು. ಅದರಲ್ಲಿ 30 ಹೆಂಗಸರ ವಿಷಯ ಇತ್ತು. ಅವರು ಮುಖ್ಯವಾಗಿ ಆರಿಸಿಕೊಂಡದ್ದು ನಾಲ್ಕು ಸಲವಾದರೂ ಗರ್ಭ ಕಳೆದುಕೊಂಡವರನ್ನ.

ನಾಲ್ಕು ಸಲ. ಇದನ್ನ ಓದಿದಾಗ ನಾನು ಫೋನ್ ಕೆಳಗಿಟ್ಟೆ. ನಮ್ಮ ಅಜ್ಜಿ ನಾಲ್ಕು ಕಳೆದುಕೊಳ್ತಾ ಇದ್ದದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಬಾಂಬೆಯಲ್ಲಿ ಒಬ್ಬರು ಥೇಟ್ ಇಂಥವರಿಗಾಗಿಯೇ ಕಾಯ್ತಾ ಇದ್ದರು. ಸಾದಲಿಯಲ್ಲಿ ಯಾರಿಗೂ ಆ ಸುದ್ದಿ ತಲುಪಲಿಲ್ಲ. ಆಗ ನಮ್ಮ ತಾಲ್ಲೂಕು ಕೋಲಾರ ಜಿಲ್ಲೆಯಲ್ಲಿತ್ತು. ಬೆಂಗಳೂರಿನಲ್ಲಿ 1935ರಿಂದಲೇ ವಾಣಿವಿಲಾಸ ಆಸ್ಪತ್ರೆ ಇತ್ತು. ಆದ್ರೆ ನಮ್ಮಜ್ಜಿ ಅಲ್ಲಿಗೂ ಹೋದವರಲ್ಲ. 'ಹೊಟ್ಟೆ ನಿಲ್ಲಲ್ಲ' ಅನ್ನೋದಕ್ಕೆ ಆಸ್ಪತ್ರೆಗೆ ಹೋಗಬಹುದು ಅನ್ನೋದೇ ಯಾರಿಗೂ ಹೊಳೆದಿರಲಿಲ್ಲ.

ಶಿರೋಡ್ಕರ್ ಅವರಿಗೆ 1960ರಲ್ಲಿ ಪದ್ಮಭೂಷಣ ಬಂತು, 1971ರಲ್ಲಿ ಪದ್ಮವಿಭೂಷಣ. ಅದೇ 1971ರಲ್ಲಿ ತೀರಿಕೊಂಡರು.

ಎಲೆ ಅಡಿಕೆ ಸಂಚಿ

ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಶುರುವಾದ ಅದೇ 1957ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಇಯನ್ ಮೆಕ್‌ಡೊನಾಲ್ಡ್ ಅನ್ನೋ ಡಾಕ್ಟರು 70 ಹೆಂಗಸರ ವಿಷಯ ಬರೆದರು. ಅವರ ವಿಧಾನ ಇನ್ನೂ ಸರಳ. ಚರ್ಮ ಬಿಡಿಸೋದೇ ಬೇಡ. ಗರ್ಭಕಂಠದ ಸುತ್ತ ನಾಲ್ಕೈದು ಕಡೆ ಸೂಜಿ ಹಾಕಿ, ದಾರ ಎಳೆದು, ಗಂಟು ಹಾಕೋದು. ನಮ್ಮಜ್ಜಿಯ ಎಲೆ ಅಡಿಕೆ ಸಂಚಿಯ ಬಾಯಿ ಎಳೆಯೋ ಹಾಗೆ.

ಅವರು ಬಳಸಿದ್ದು ಯಾವ ದಾರ ಗೊತ್ತಾ? ರೇಷ್ಮೆ. ಹೆಣೆದ ರೇಷ್ಮೆ ದಾರ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡಿಕೊಂಡು ಬೆಳೆದ ನನಗೆ ಇದನ್ನ ಓದಿ ನಗು ಬಂತು. ಗಟ್ಟಿಯಾಗಿರಬೇಕು, ಗಂಟು ಜಾರಬಾರದು, ಅದಕ್ಕೇ ರೇಷ್ಮೆ. ಈಗ ಹೆಚ್ಚಾಗಿ ಕೃತಕ ದಾರ ಬಳಸ್ತಾರೆ.

ಮೆಕ್‌ಡೊನಾಲ್ಡ್ ಹೊಲಿಗೆ ಹಾಕೋದು ಸುಲಭ, ಬಿಚ್ಚೋದೂ ಸುಲಭ. ಹಾಗಾಗಿ ಇವತ್ತು ಹೆಚ್ಚಿನ ಕಡೆ ಹಾಕೋದು ಅದನ್ನೇ. ಸಾಮಾನ್ಯವಾಗಿ 36-37 ವಾರಕ್ಕೆ ದಾರ ಬಿಚ್ಚುತ್ತಾರೆ, ಆಮೇಲೆ ಹೆರಿಗೆ. ಕೆಳಗಿನಿಂದ ಹಾಕಿದ ಹೊಲಿಗೆ ನಿಲ್ಲದವರಿಗೆ ಹೊಟ್ಟೆ ಕಡೆಯಿಂದ ಹಾಕೋ ವಿಧಾನವನ್ನ 1965ರಲ್ಲಿ ಅಮೆರಿಕದ ಬೆನ್ಸನ್ ಮತ್ತು ಡರ್ಫಿ ವಿವರಿಸಿದರು. ಅದು ದೊಡ್ಡ ಆಪರೇಷನ್, ಹೆರಿಗೆಯೂ ಸಿಸೇರಿಯನ್ನೇ.

ಇಲ್ಲಿಗೆ ಕತೆ ಮುಗೀತು ಅನ್ಸುತ್ತೆ, ಅಲ್ವಾ? ಸಮಸ್ಯೆ ಇತ್ತು, ನಮ್ಮವರೊಬ್ಬರು ಪರಿಹಾರ ಕಂಡುಹಿಡಿದರು, ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಅಷ್ಟೇ ಅಂದ್ಕೊಂಡಿದ್ದೆ. ಆದ್ರೆ ಅತ್ತಿಗೆಗೆ ನಿಜವಾಗಿ ಬೇಕಾಗಿದ್ದ ಉತ್ತರ ಇದರ ಮುಂದಿನ ಭಾಗದಲ್ಲಿತ್ತು.

ಐದನೇ ಸಲ ನಿಂತಿದ್ದು ಯಾಕೆ?

ನಾಲ್ಕು ಸಲ ಕಳೆದುಕೊಂಡವರಿಗೆ ಐದನೇ ಸಲ ಹೊಲಿಗೆ ಹಾಕಿದರು, ಮಗು ಉಳೀತು. ಹೊಲಿಗೆಯಿಂದಲೇ ಉಳೀತು ಅನ್ಸೋದು ಸಹಜ. ಆದ್ರೆ ನಮ್ಮಜ್ಜಿಗೆ ಹೊಲಿಗೆ ಹಾಕಿರಲಿಲ್ಲ. ಸೊಂಟಕ್ಕೆ ದಾರ ಕಟ್ಟಿದ್ದರು, ಅಷ್ಟೇ. ಅವರಿಗೂ ಐದನೇದು ಉಳೀತು.

ರೇಷ್ಮೆ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರೋ ವಿಷಯ. ಎರಡು ಬೆಳೆ ಸತತವಾಗಿ ಹಾಳಾಯ್ತು ಅಂದ್ಕೊಳ್ಳಿ. ಮೂರನೇ ಸಲ ಏನಾದ್ರೂ ಒಂದು ಹೊಸದು ಮಾಡ್ತೀವಿ. ಮನೆಗೆ ಸುಣ್ಣ ಹೊಡೀತೀವಿ, ಮೊಟ್ಟೆ ತರೋ ಜಾಗ ಬದಲಾಯಿಸ್ತೀವಿ, ದೇವರಿಗೆ ಹೇಳಿಕೊಳ್ತೀವಿ. ಬೆಳೆ ಬಂದರೆ ಆ ಹೊಸದಕ್ಕೇ ಕೀರ್ತಿ. ಏನೂ ಮಾಡದಿದ್ದರೂ ಬರ್ತಿತ್ತಾ? ಅದನ್ನ ಯಾರೂ ಕೇಳಲ್ಲ. ಕೇಳೋ ಧೈರ್ಯವೂ ಇರಲ್ಲ, ಯಾಕಂದ್ರೆ ಪರೀಕ್ಷೆ ಮಾಡೋಕೆ ಹೋಗಿ ಇನ್ನೊಂದು ಬೆಳೆ ಹೋದರೆ?

ಕೇಳದೇ ಹೋದರೆ ಏನಾಗುತ್ತೆ ಅನ್ನೋದಕ್ಕೆ ಅದೇ ಕಾಲದ ಇನ್ನೊಂದು ಚಿಕಿತ್ಸೆಯ ಕತೆ ಸಾಕ್ಷಿ. ಡಿಇಎಸ್ ಅಂತ ಒಂದು ಕೃತಕ ಹಾರ್ಮೋನ್, 1938ರಲ್ಲಿ ತಯಾರಾಯ್ತು. ಗರ್ಭಪಾತ ತಡೆಯುತ್ತೆ ಅಂತ ಅಮೆರಿಕದಲ್ಲಿ ಲಕ್ಷಗಟ್ಟಲೆ ಬಸುರಿಯರಿಗೆ ಕೊಟ್ಟರು. 1953ರಲ್ಲಿ ಶಿಕಾಗೋದಲ್ಲಿ ಸರಿಯಾದ ಪರೀಕ್ಷೆ ಆಯ್ತು. ಅರ್ಧ ಜನಕ್ಕೆ ಡಿಇಎಸ್, ಉಳಿದವರಿಗೆ ಅದೇ ಥರ ಕಾಣೋ ಬರೀ ಗುಳಿಗೆ. ಡಿಇಎಸ್ ಏನೂ ಪ್ರಯೋಜನ ಇಲ್ಲ ಅಂತ ಗೊತ್ತಾಯ್ತು. ಆದರೂ ಕೊಡೋದು ನಿಲ್ಲಲಿಲ್ಲ. 1971ರಲ್ಲಿ, ಆ ತಾಯಂದಿರಿಗೆ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸಿಕೊಂಡಿದೆ ಅಂತ ವರದಿ ಬಂತು. ಆ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನಕ್ಕೆ ಗರ್ಭಕಂಠದ ಸಡಿಲತೆಯೂ ಇತ್ತು. ತಾಯಿಯ ಗರ್ಭ ಉಳಿಸೋಕೆ ಅಂತ ಕೊಟ್ಟ ಔಷಧಿ, ಮಗಳ ಗರ್ಭ ನಿಲ್ಲದ ಹಾಗೆ ಮಾಡಿತ್ತು.

ಅಂದ್ರೆ 'ಏನಾದ್ರೂ ಮಾಡೋಣ' ಅನ್ನೋದು ಯಾವಾಗಲೂ ಪುಕ್ಕಟೆ ಅಲ್ಲ.

ಹೊಲಿಗೆಗೆ ಅಂಥ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದದ್ದು 1993ರಲ್ಲಿ. ಶಿರೋಡ್ಕರ್ ಲೇಖನ ಬಂದು 38 ವರ್ಷ ಆದ ಮೇಲೆ! ಬ್ರಿಟನ್ ನೇತೃತ್ವದಲ್ಲಿ 12 ದೇಶಗಳ 1,292 ಹೆಂಗಸರು ಇದರಲ್ಲಿದ್ದರು. ಹೊಲಿಗೆ ಹಾಕಬೇಕೋ ಬೇಡವೋ ಅಂತ ಡಾಕ್ಟರಿಗೇ ಅನುಮಾನ ಇದ್ದ ಹೆಂಗಸರು ಇವರೆಲ್ಲ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 33 ವಾರ ತುಂಬೋ ಮೊದಲೇ ಹೆರಿಗೆಯಾದವರು ಹೊಲಿಗೆ ಗುಂಪಿನಲ್ಲಿ 100ಕ್ಕೆ 13, ಇನ್ನೊಂದು ಗುಂಪಿನಲ್ಲಿ 100ಕ್ಕೆ 17.

ಇದನ್ನ ನಿಧಾನವಾಗಿ ನೋಡಿ. ಸುಮಾರು 25 ಜನಕ್ಕೆ ಹೊಲಿಗೆ ಹಾಕಿದರೆ ಅದರಲ್ಲಿ ಒಬ್ಬರಿಗೆ ಉಪಯೋಗ. ಉಳಿದ 24ರಲ್ಲಿ ಹೆಚ್ಚಿನವರು ಹೊಲಿಗೆ ಇಲ್ಲದಿದ್ದರೂ ದಾಟ್ತಿದ್ದರು, ಕೆಲವರಿಗೆ ಹೊಲಿಗೆ ಹಾಕಿದರೂ ಮಗು ಬೇಗ ಬಂತು. ಹೊಲಿಗೆ ಗುಂಪಿನಲ್ಲಿ ಹೆರಿಗೆಯಾದ ಮೇಲೆ ಜ್ವರ ಬರೋದು ಇನ್ನೊಂದು ಗುಂಪಿನ ಎರಡರಷ್ಟಿತ್ತು.

ಆದ್ರೆ ಅದೇ ಪರೀಕ್ಷೆಯೊಳಗೆ ಒಂದು ಚಿಕ್ಕ ಗುಂಪಿತ್ತು. ಮೂರು ಅಥವಾ ಹೆಚ್ಚು ಸಲ ಕಳೆದುಕೊಂಡವರು ಅಥವಾ ತಿಂಗಳು ತುಂಬದೆ ಹೆತ್ತವರು. ಅವರಲ್ಲಿ ಹೊಲಿಗೆ ಹಾಕಿದವರ ಪೈಕಿ 33 ವಾರದೊಳಗೆ ಹೆತ್ತವರು 100ಕ್ಕೆ 15, ಇನ್ನೊಂದು ಕಡೆ 100ಕ್ಕೆ 32. ಅರ್ಧಕ್ಕರ್ಧ ಇಳಿತ. ಶಿರೋಡ್ಕರ್ ಆರಿಸಿಕೊಂಡದ್ದು ಇಂಥವರನ್ನೇ. ಅವರ ಕಣ್ಣು ಸರಿಯಾಗೇ ಇತ್ತು. ಕಾಲ ಕಳೆದ ಹಾಗೆ ಹೊಲಿಗೆಯನ್ನ ಅನುಮಾನ ಬಂದವರಿಗೆಲ್ಲ ಹಾಕೋ ಅಭ್ಯಾಸ ಬೆಳೀತು, ಅಲ್ಲಿ ಅದರ ಲಾಭ ತೆಳ್ಳಗಾಯ್ತು.

ಇನ್ನೊಂದು ಕಡೆಯಿಂದಲೂ ಅದೇ ಲೆಕ್ಕ ನೋಡಿ. ಹೊಲಿಗೆ ಬೇಡ ಅನ್ನೋ ಗುಂಪಿನಲ್ಲಿ ಮೂರು ಸಲ ಕಳೆದುಕೊಂಡವರಲ್ಲೂ 100ಕ್ಕೆ 68 ಜನ 33 ವಾರ ದಾಟಿದರು. ನಮ್ಮಜ್ಜಿ ಅಂಥವರಲ್ಲಿ ಒಬ್ಬರು ಇರಬಹುದು.

ಅಳತೆ ಬಂತು

ಅಷ್ಟರಲ್ಲಿ ಸ್ಕ್ಯಾನ್ ಬಂದಿತ್ತು. 1996ರಲ್ಲಿ ಅಮೆರಿಕದಲ್ಲಿ 2,915 ಬಸುರಿಯರ ಗರ್ಭಕಂಠದ ಉದ್ದವನ್ನ ಒಳಗಿನಿಂದ ಮಾಡೋ ಸ್ಕ್ಯಾನ್‌ನಲ್ಲಿ ಅಳೆದರು. 24 ವಾರಕ್ಕೆ ಸರಾಸರಿ 35 ಮಿಲಿಮೀಟರ್. ಉದ್ದ ಕಡಿಮೆಯಾದಷ್ಟೂ ಮಗು ಬೇಗ ಬರೋ ಅಪಾಯ ಹೆಚ್ಚು. ಇಲ್ಲಿ ಸಮರ್ಥ, ಅಸಮರ್ಥ ಅನ್ನೋ ಎರಡು ಡಬ್ಬಿಗಳೇ ಇರಲಿಲ್ಲ. ಎತ್ತರ, ತೂಕದ ಹಾಗೆ ಇದೂ ಒಂದು ಅಳತೆ, ಅಷ್ಟೇ. ಮುನ್ನೂರು ವರ್ಷದ 'ದೋಷ' ಅನ್ನೋ ಮಾತಿನ ಬುಡ ಅಲ್ಲಿಗೆ ಸಡಿಲವಾಯ್ತು.

ಇದರಿಂದ ಒಂದು ಮಧ್ಯದ ದಾರಿ ತೆರೀತು. ಹಿಂದೆ ಒಮ್ಮೆ ಐದನೇ ತಿಂಗಳಲ್ಲಿ ಕಳೆದುಕೊಂಡವರಿಗೆ 16ನೇ ವಾರದಿಂದ 24ನೇ ವಾರದವರೆಗೆ ಎರಡು ವಾರಕ್ಕೊಮ್ಮೆ ಅಳೆಯೋದು. 25 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಆಗ ಹೊಲಿಗೆ. 2011ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ, ಹೀಗೆ ಕಾದು ನೋಡಿದವರಲ್ಲಿ 100ಕ್ಕೆ 42 ಜನಕ್ಕೆ ಮಾತ್ರ ಹೊಲಿಗೆ ಬೇಕಾಯ್ತು. ಅರ್ಧಕ್ಕಿಂತ ಹೆಚ್ಚು ಜನ ಆಪರೇಷನ್ ಟೇಬಲ್ ಹತ್ತದೇ ಉಳಿದರು.

ಗಿಡ್ಡ ಗರ್ಭಕಂಠ ಇದ್ದವರಿಗೆ ಯೋನಿಯಲ್ಲಿ ಇಡೋ ಪ್ರೊಜೆಸ್ಟರಾನ್ ಗುಳಿಗೆಯೂ ಒಂದು ದಾರಿ. 2007ರ ಒಂದು ಪರೀಕ್ಷೆಯಲ್ಲಿ, 15 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದವರ ಪೈಕಿ 34 ವಾರದೊಳಗೆ ಹೆತ್ತವರು ಗುಳಿಗೆ ಇಟ್ಟ ಗುಂಪಿನಲ್ಲಿ 100ಕ್ಕೆ 19, ಇಡದ ಗುಂಪಿನಲ್ಲಿ 100ಕ್ಕೆ 34.

'ಹಾಸಿಗೆ ಬಿಟ್ಟು ಏಳಬೇಡ' ಅನ್ನೋದು? ಅದರಿಂದ ಗರ್ಭ ನಿಲ್ಲುತ್ತೆ ಅನ್ನೋದಕ್ಕೆ ಇವತ್ತಿಗೂ ಆಧಾರ ಸಿಕ್ಕಿಲ್ಲ. ತಿಂಗಳುಗಟ್ಟಲೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಇದೆ. ಮಲಗಿಸಿದರೆ ಪ್ರಯೋಜನ ಇಲ್ಲ ಅಂತ ಶಿರೋಡ್ಕರ್ 1955ರಲ್ಲೇ ಬರೆದಿದ್ದರು ಅನ್ನೋದನ್ನ ನೆನಪು ಮಾಡ್ಕೊಳ್ಳಿ.

ಸಾದಲಿಯಿಂದ ಹೋಗಿ ಬರೋ ಲೆಕ್ಕ

ಇಷ್ಟೆಲ್ಲ ಓದಿಕೊಂಡು ನಾನು ಅತ್ತಿಗೆ ಮುಂದೆ ಕೂತೆ. ನಂಬರ್‌ಗಳನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಾನು ಇದರಲ್ಲಿ ಯಾವ ಗುಂಪು?"

ಉತ್ತರ ಕೊಡೋಕೆ ಆಗಲಿಲ್ಲ. ಯಾಕಂದ್ರೆ ಆ ಚೀಟಿಯಲ್ಲಿ ಒಂದೇ ಸಾಲಿತ್ತು. ನೋವಿಲ್ಲದೇ ಬಾಯಿ ತೆರೆದು ಹೋಗಿದ್ದರೆ ಲೆಕ್ಕ ಒಂದು. ಮೊದಲು ಸೋಂಕು ತಗುಲಿ, ನೋವು ಬಂದು, ಆಮೇಲೆ ತೆರೆದಿದ್ದರೆ ಲೆಕ್ಕ ಬೇರೆ, ಅಲ್ಲಿ ಹೊಲಿಗೆ ಸಹಾಯ ಮಾಡದೇ ಇರಬಹುದು. ಡಾಕ್ಟರುಗಳು ರೋಗಿಯ ಹಿಂದಿನ ಕತೆಗೆ 'ಹಿಸ್ಟರಿ' ಅಂತಾರೆ. ನೂರು ಮಷಿನ್ ಬಂದ ಮೇಲೂ ಈ ನಿರ್ಧಾರ ಮೊದಲು ನಿಲ್ಲೋದು ಆ ಹಿಸ್ಟರಿ ಮೇಲೆ. ಶಿರೋಡ್ಕರ್ ಶುರು ಮಾಡಿದ್ದು ಅದನ್ನ ಕೇಳೋದರಿಂದ. ನಮ್ಮಜ್ಜಿ ಅರವತ್ತು ವರ್ಷ ಬಾಯಿ ಬಿಡದೇ ಇಟ್ಟುಕೊಂಡದ್ದೂ ಅದನ್ನೇ.

ಅವತ್ತು ರಾತ್ರಿ ಅತ್ತಿಗೆ ನೋಟ್‌ಬುಕ್ ತೆಗೆದು ಎರಡು ವರ್ಷದ ಹಿಂದಿನ ಆ ದಿನವನ್ನ ಗಂಟೆ ಗಂಟೆ ಲೆಕ್ಕದಲ್ಲಿ ಬರೆದರು. ಅಣ್ಣ ಪಕ್ಕದಲ್ಲಿ ಕೂತು ನೆನಪಿದ್ದದ್ದನ್ನ ಸೇರಿಸಿದ. ಒತ್ತಿದ ಹಾಗೆ ಆಗಿದ್ದು ಎಷ್ಟು ಹೊತ್ತಿಗೆ, ನೀರು ಹೋಗಿದ್ದು ಎಲ್ಲಿ, ಜ್ವರ ಇತ್ತಾ. ಬರೆಯುವಾಗ ಇಬ್ಬರೂ ಅತ್ತರು. ಆ ದಿನದ ಬಗ್ಗೆ ಅವರಿಬ್ಬರೂ ಕೂತು ಮಾತಾಡಿದ್ದು ಅದೇ ಮೊದಲು ಅಂತ ಆಮೇಲೆ ಗೊತ್ತಾಯ್ತು.

ಡಾಕ್ಟರು ಅದನ್ನ ಪೂರ್ತಿ ಓದಿದರು. ಒಂದೇ ಸಲ ಹೋಗಿರೋದು, ಸಡಿಲತೆ ಇರಬಹುದು ಅನ್ನೋ ಹಾಗಿದೆ, ಖಂಡಿತ ಅನ್ನೋಕಾಗಲ್ಲ ಅಂದರು. ಎರಡು ದಾರಿ ಮುಂದಿಟ್ಟರು. ಈಗಲೇ, 12ರಿಂದ 14 ವಾರದೊಳಗೆ ಹೊಲಿಗೆ. ಅಥವಾ ಸ್ಕ್ಯಾನ್ ಮಾಡ್ತಾ ಕಾಯೋದು. ಜೊತೆಗೆ ಯಾವ ಪುಸ್ತಕದಲ್ಲೂ ನನಗೆ ಸಿಗದ ಒಂದು ಪ್ರಶ್ನೆ ಕೇಳಿದರು: "ಎರಡು ವಾರಕ್ಕೊಮ್ಮೆ ತಪ್ಪದೇ ಬರೋಕೆ ಆಗುತ್ತಾ ನಿಮಗೆ?"

ಅದು ದೊಡ್ಡ ಪ್ರಶ್ನೆ. ಕಾದು ನೋಡೋದು ಅಂದ್ರೆ ನೋಡೋಕೆ ಹೋಗಲೇಬೇಕು. ಸಾದಲಿಯಿಂದ ಶಿಡ್ಲಘಟ್ಟ, ಅಲ್ಲಿಂದ ಮುಂದೆ. ಬಸ್ಸು, ಕೂಲಿ ನಷ್ಟ, ಸ್ಕ್ಯಾನ್ ದುಡ್ಡು. ಹುಳದ ಮನೆ ಯಾರು ನೋಡ್ಕೊಳ್ತಾರೆ? ಒಂದು ಸ್ಕ್ಯಾನ್ ತಪ್ಪಿದರೆ ಆ ಎರಡು ವಾರದಲ್ಲೇ ಬಾಯಿ ತೆರೆದುಬಿಡಬಹುದು. ಹಾಗಾಗಿ ನಗರದಲ್ಲಿ ಆಸ್ಪತ್ರೆ ಪಕ್ಕ ಇರೋರಿಗೆ ಸರಿಯಾದ ನಿರ್ಧಾರ, ಹಳ್ಳಿಯಲ್ಲಿ ಒಬ್ಬಳೇ ಇರೋ ಹೆಂಗಸಿಗೆ ಸರಿ ಆಗಬೇಕು ಅಂತೇನಿಲ್ಲ. ಅಂಥವಳು ಮೊದಲೇ ಹೊಲಿಗೆ ಹಾಕಿಸಿಕೊಳ್ತೀನಿ ಅಂದ್ರೆ ಅದು ಹೆದರಿಕೆಯಿಂದ ಹೇಳಿದ ಮಾತಾಗಿರಬೇಕಿಲ್ಲ, ಲೆಕ್ಕ ಹಾಕಿ ಹೇಳಿದ್ದೂ ಇರಬಹುದು.

ಅತ್ತಿಗೆ ಸ್ಕ್ಯಾನ್ ದಾರಿ ಹಿಡಿದರು. ಅಣ್ಣ ಒಂದು ಬೆಳೆ ಬಿಟ್ಟ. 16ನೇ ವಾರ 34 ಮಿಲಿಮೀಟರ್. 18ನೇ ವಾರ 30. 20ನೇ ವಾರ 23. ಮಾರನೇ ದಿನವೇ ಹೊಲಿಗೆ ಹಾಕಿದರು.

ಅವರ ಜೊತೆ ಬದುಕಿ ನಾನು ಕಲಿತದ್ದು ಇಷ್ಟು ಹೇಳ್ತೀನಿ. ಐದನೇ ತಿಂಗಳ ಆಸುಪಾಸಿನಲ್ಲಿ ಕೆಳಗೆ ಒತ್ತಿದ ಹಾಗಾಗೋದು, ಹೊಸದಾಗಿ ಸೊಂಟ ಹಿಡಿಯೋದು, ಬಿಳಿ ಹೋಗೋದು ಇದ್ದಕ್ಕಿದ್ದ ಹಾಗೆ ಹೆಚ್ಚಾಗೋದು, ರಕ್ತದ ಕಲೆ, ನೀರು ಜಿನುಗೋದು, ಇವುಗಳಲ್ಲಿ ಒಂದು ಕಂಡರೂ 'ನಾಳೆ ನೋಡೋಣ' ಅನ್ನಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, 108ಕ್ಕೆ ಫೋನ್ ಮಾಡಿ, ಆಸ್ಪತ್ರೆ ಸೇರಿ. ರಕ್ತ ಹೋಗ್ತಿದ್ದರೆ, ಸೋಂಕಿದ್ದರೆ, ನೀರು ಒಡೆದಿದ್ದರೆ, ನೋವು ಶುರುವಾಗಿದ್ದರೆ ಹೊಲಿಗೆ ಹಾಕೋಕಾಗಲ್ಲ. ಅವಳಿ ಇದ್ದರೆ ಲೆಕ್ಕ ಬೇರೆ. ನಿಮ್ಮ ವಿಷಯದಲ್ಲಿ ಏನು ಅನ್ನೋದನ್ನ ನಿಮ್ಮ ಡಾಕ್ಟರೇ ಹೇಳಬೇಕು, ಈ ಎಪಿಸೋಡ್ ಅಲ್ಲ. ಒಮ್ಮೆ ಕಳೆದುಕೊಂಡಿದ್ದರೆ ಮಾತ್ರ, ಆಸ್ಪತ್ರೆ ಬಿಡೋ ಮುಂಚೆ ಪೂರ್ತಿ ವಿವರ ಬರೆಸಿಕೊಳ್ಳಿ. ತಾಯಿ ಕಾರ್ಡ್ ಜೊತೆ ಅದನ್ನೂ ಜೋಪಾನ ಮಾಡಿ. ಬರೆದುಕೊಡದಿದ್ದರೆ ನೀವೇ ಬರೆದಿಡಿ, ನೆನಪು ಹಸಿಯಾಗಿರುವಾಗಲೇ.

ಇದನ್ನ ರೆಕಾರ್ಡ್ ಮಾಡ್ತಿರೋ ಹೊತ್ತಿಗೆ ಅತ್ತಿಗೆಗೆ 31 ವಾರ. ಹೊಲಿಗೆ ನಿಂತಿದೆ. ಮುಂದೇನು ಅಂತ ಯಾರಿಗೂ ಗೊತ್ತಿಲ್ಲ.

ಮೊನ್ನೆ ಅಜ್ಜಿ ಅವರ ಸೊಂಟಕ್ಕೂ ಒಂದು ದಾರ ಕಟ್ಟಿದರು. ಅತ್ತಿಗೆ ಬೇಡ ಅನ್ನಲಿಲ್ಲ. ನಾನು ತಮಾಷೆಗೆ ಕೇಳಿದೆ, "ಮಗು ಬಂದ ಮೇಲೆ ಯಾವ ದಾರದಿಂದ ಅಂತ ಹೇಳ್ತೀರ?"

ಅತ್ತಿಗೆ ಅಂದರು: "ಮೊದಲು ಬರಲಿ ಕಣೇ. ಯಾವ ದಾರದಿಂದ ಅಂತ ಗೊತ್ತಾಗಲ್ಲ. ಆದ್ರೆ ಈ ಸಲ ಎಲ್ಲ ಬರೆದಿಟ್ಟಿದೀನಿ."

ಮುಂದಿನ ವಾರ ಸಿಗೋಣ. ನಿಮ್ಮ ಮನೆಯ ಅಜ್ಜಿಯನ್ನ ಒಮ್ಮೆ ಕೇಳಿ ನೋಡಿ. ಅವರ ಹತ್ತಿರವೂ ಯಾರೂ ಕೇಳದ ಒಂದು ಹಿಸ್ಟರಿ ಇರಬಹುದು. ನಮಸ್ಕಾರ.